ಸೀರಿಯಲ್ ದೃಶ್ಯದ ಬಗ್ಗೆ ಚಾನೆಲ್‌ಗೆ ದೂರು ಕೊಟ್ಟರೂ ಉತ್ತರವಿಲ್ಲ

ನಿಮ್ಮ ಮೇಲ್ ಕಸ್ಟಮರ್ ಕೇರ್‌ಗೆ ಹೋಗಿ ಅಲ್ಲೇ ಕೂತಿರಬೇಕು. ಸೀರಿಯಲ್‌ನಲ್ಲಿ ಗಂಡ ಹೆಂಡತಿಯ ಕೆನ್ನೆಗೆ ಬಾರಿಸುತ್ತಾನೆ, ಅತ್ತೆ ಬಂದು "ಹೊಡೆಯೋ ಕೈಯೇ ಅಲ್ವಾ ಮುದ್ದು ಮಾಡೋದು" ಅಂತಾಳೆ, ದೂರು ಕೊಟ್ಟು ಮೂರು ವಾರವಾದರೂ ಚಾನೆಲ್‌ನಿಂದ ಸದ್ದಿಲ್ಲ ಅಂದಿದ್ದೀರಿ. ನನಗೂ ಮೊದಲ ಸಲ ಹೀಗೇ ಆಗಿತ್ತು.

ಮೊದಲು ಚಾನೆಲ್ ವೆಬ್‌ಸೈಟ್‌ನಲ್ಲಿ ದೂರು ಅಧಿಕಾರಿಯ ಮೇಲ್ ಹುಡುಕಿ. 2021ರಲ್ಲಿ ತಿದ್ದಿದ ಕೇಬಲ್ ಟಿವಿ ನಿಯಮದ ಪ್ರಕಾರ ಅಂಥ ಅಧಿಕಾರಿ ಇರಲೇಬೇಕು. ಬರೆಯುವಾಗ ಸೀರಿಯಲ್ ಹೆಸರು, ತಾರೀಖು, ದೃಶ್ಯ ಬಂದ ನಿಮಿಷ, ಆ ಮಾತು ಇದ್ದ ಹಾಗೇ ಹಾಕಿ. "ಹೆಂಗಸರಿಗೆ ಅವಮಾನ" ಅಂತ ಸುಮ್ನೆ ಬರೆದರೆ ಜಾರಿಕೊಳ್ಳುತ್ತಾರೆ. ಹೊಡೆತ ತೋರಿಸಿದ್ದಕ್ಕಲ್ಲ, ಅದನ್ನು ಪ್ರೀತಿ ಅಂತ ಒಪ್ಪಿಸಿದ್ದಕ್ಕೆ ದೂರು ಅನ್ನೋದು ಸ್ಪಷ್ಟವಾಗಿರಲಿ, ನನ್ನ ಮೊದಲ ದೂರು ಬಿದ್ದುಹೋಗಿದ್ದು ಇಲ್ಲೇ.

ಚಾನೆಲ್‌ನವರು 24 ಗಂಟೆಯೊಳಗೆ ದೂರು ತಲುಪಿದೆ ಅಂತ ತಿಳಿಸಬೇಕು, 15 ದಿನದಲ್ಲಿ ಉತ್ತರ ಕೊಡಬೇಕು. ಕೊಡದಿದ್ದರೆ ಅಥವಾ ಉತ್ತರ ಒಪ್ಪಿಗೆಯಾಗದಿದ್ದರೆ ಮುಂದಿನ 15 ದಿನದೊಳಗೆ ಚಾನೆಲ್ ಸದಸ್ಯವಾಗಿರುವ ಸ್ವಯಂ ನಿಯಂತ್ರಣ ಸಂಸ್ಥೆಗೆ (ಚಾನೆಲ್‌ಗಳೇ ಸೇರಿ ಮಾಡಿಕೊಂಡದ್ದು) ಮೇಲ್ಮನವಿ ಹಾಕಿ. ಮನರಂಜನೆ ಚಾನೆಲ್‌ಗಳಿಗೆ ಸಾಮಾನ್ಯವಾಗಿ ಅದು ಬಿಸಿಸಿಸಿ, ಅಂದರೆ ಕಾರ್ಯಕ್ರಮಗಳ ಬಗೆಗಿನ ದೂರು ನೋಡುವ ಮಂಡಳಿ. ಅಲ್ಲಿ ತೀರ್ಮಾನಕ್ಕೆ 60 ದಿನದ ಗಡುವು.

ನಡುವೆ ಬರುವ ಜಾಹೀರಾತಿನ ಬಗ್ಗೆಯಾದರೆ ದಾರಿ ಬೇರೆ, ಜಾಹೀರಾತುಗಳ ದೂರು ನೋಡುವ ಸಂಸ್ಥೆ ಎಎಸ್‌ಸಿಐಗೆ ಹಾಕಿ. ಹೆಂಗಸರೇ ಪಾತ್ರೆ ತೊಳೆಯಬೇಕು ಅನ್ನೋ ಥರದ ಚಿತ್ರಣದ ಬಗ್ಗೆ ಅವರು 2022ರಲ್ಲಿ ಮಾರ್ಗಸೂಚಿ ತಂದಿದ್ದಾರೆ.

ದೃಶ್ಯ ತೆಗೆದೇಬಿಡುತ್ತಾರೆ ಅಂತ ಹೇಳಲಾರೆ. ಆ ಎಪಿಸೋಡ್ ಆ್ಯಪ್‌ನಲ್ಲಿ ಇನ್ನೂ ಇದ್ದರೆ ಇವತ್ತೇ ಸ್ಕ್ರೀನ್‌ಶಾಟ್ ತೆಗೆದು ದೂರಿಗೆ ಲಗತ್ತಿಸಿ.