ಪಾಸ್‌ವರ್ಡ್ ಬದಲಾಯಿಸಿದರೂ ಮೇಲ್ ಸೋರುತ್ತಿದೆಯಲ್ಲ, ಯಾಕೆ?

ಪ್ರಶ್ನೆ: ಪೀಣ್ಯದಲ್ಲಿ ನಮ್ಮದು ಯಂತ್ರದ ಬಿಡಿಭಾಗ ತಯಾರಿಸುವ ಘಟಕ. 32 ಜನರಿಗೆ ಮೈಕ್ರೋಸಾಫ್ಟ್ 365 ಬಿಸಿನೆಸ್ ಸ್ಟ್ಯಾಂಡರ್ಡ್ ಇದೆ. ಇವತ್ತು ನಮ್ಮ ಅಕೌಂಟ್ಸ್ ವಿಳಾಸದಿಂದಲೇ ಗ್ರಾಹಕರೊಬ್ಬರಿಗೆ ‘ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ’ ಎಂಬ ಮೇಲ್ ಹೋಗಿ, ಅವರು ಹಣ ಹಾಕಿಬಿಟ್ಟಿದ್ದಾರೆ. ಪಾಸ್‌ವರ್ಡ್ ಬದಲಾಯಿಸಿದೆವು. ಆದರೂ ಆ ಗ್ರಾಹಕರ ಮೇಲ್ ಇನ್‌ಬಾಕ್ಸ್‌ನಲ್ಲಿ ಕಾಣುತ್ತಿಲ್ಲ. ಎಲ್ಲಿ ಹುಡುಕಬೇಕು?

ಉತ್ತರ: ಮೊದಲು ಹಣದ ಕಡೆ ನೋಡಿ. ಹಣ ಕಳಿಸಿದ ಗ್ರಾಹಕರು ಈಗಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ತಮ್ಮ ಬ್ಯಾಂಕಿಗೂ ತಿಳಿಸಲಿ. ಹಣ ಖಾತೆಯಿಂದ ಖಾತೆಗೆ ಹಾರಿದಷ್ಟೂ ತಡೆಯುವುದು ಕಷ್ಟ. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದಂತೆ ಇಂಥ ಘಟನೆಯನ್ನು ಗಮನಕ್ಕೆ ಬಂದ 6 ಗಂಟೆಯೊಳಗೆ ಅವರಿಗೆ ವರದಿ ಮಾಡಬೇಕು. ಲಾಗ್‌ಗಳನ್ನು (ಯಾರು ಯಾವಾಗ ಏನು ಮಾಡಿದರೆಂಬ ದಾಖಲೆ) 180 ದಿನ ಇಟ್ಟುಕೊಂಡಿರಬೇಕು.

ಈಗ ಮೇಲ್‌ಬಾಕ್ಸ್. ಮೈಕ್ರೋಸಾಫ್ಟ್ ಖಾತೆ, ಲಾಗಿನ್‌ಗಳನ್ನು ನಿರ್ವಹಿಸುವ ಎಂಟ್ರಾ ಅಡ್ಮಿನ್ ಸೆಂಟರ್‌ನಲ್ಲಿ ಆ ಬಳಕೆದಾರರ ಪುಟ ತೆರೆದು ‘ರಿವೋಕ್ ಸೆಷನ್ಸ್’ (ಈಗಾಗಲೇ ಆಗಿರುವ ಲಾಗಿನ್‌ಗಳ ರದ್ದು) ಒತ್ತಿ. ನಕಲಿ ಲಾಗಿನ್ ಪುಟದಲ್ಲಿ ಕದ್ದಿರುವುದು ಬರೀ ಪಾಸ್‌ವರ್ಡ್ ಅಲ್ಲದೆ ಲಾಗಿನ್ ಆದ ಸೆಷನ್ನೇ ಆಗಿರಬಹುದು. ಇದನ್ನು ಒತ್ತಿದ ಮೇಲೂ ಹಳೆಯ ಟೋಕನ್ (ಲಾಗಿನ್ ಆಗಿದೆ ಎಂದು ತೋರಿಸುವ ಡಿಜಿಟಲ್ ಚೀಟಿ) ಸುಮಾರು ಒಂದು ಗಂಟೆ ಜೀವಂತ ಇರಬಹುದು, ಅದು ನೆನಪಿರಲಿ. ಅದೇ ಪುಟದ ‘ಆಥೆಂಟಿಕೇಶನ್ ಮೆಥಡ್ಸ್’ನಲ್ಲಿ ನಿಮ್ಮವರದಲ್ಲದ ಫೋನ್ ಇದ್ದರೆ ಅದರ ಸ್ಕ್ರೀನ್‌ಶಾಟ್ ತೆಗೆದುಕೊಂಡು ಆಮೇಲೆ ಕಿತ್ತುಹಾಕಿ. ಕಳ್ಳ ಒಳಗೆ ಬಂದ ಕೂಡಲೇ ತನ್ನ ಫೋನ್ ಸೇರಿಸಿಕೊಳ್ಳುವುದು ಮಾಮೂಲಿ.

ಮೇಲ್ ಕಾಣದಿರುವುದಕ್ಕೆ ಕಾರಣ ಬಹುತೇಕ ಇನ್‌ಬಾಕ್ಸ್ ರೂಲ್, ಅಂದರೆ ಬಂದ ಮೇಲನ್ನು ತಾನಾಗಿಯೇ ಬೇರೆಡೆ ಹಾಕುವ ಸೂಚನೆ. ಬ್ರೌಸರ್‌ನಲ್ಲಿ ಔಟ್‌ಲುಕ್ ತೆರೆದು ಸೆಟ್ಟಿಂಗ್ಸ್, ಮೇಲ್, ರೂಲ್ಸ್‌ಗೆ ಹೋಗಿ. ಹೆಸರಿನ ಜಾಗದಲ್ಲಿ ಒಂದೇ ಒಂದು ಚುಕ್ಕೆ ಇರುವ ರೂಲ್ ಸಿಕ್ಕರೆ ಆಶ್ಚರ್ಯಪಡಬೇಡಿ. ಒಳಗೆ ಸಾಮಾನ್ಯವಾಗಿ ಹೀಗಿರುತ್ತದೆ: ಆ ಗ್ರಾಹಕರ ಡೊಮೇನ್‌ನಿಂದ ಬಂದದ್ದು, ಅಥವಾ ‘ಇನ್‌ವಾಯ್ಸ್’, ‘ಪೇಮೆಂಟ್’ ಎಂಬ ಪದ ಇರುವುದೆಲ್ಲ ಓದಿದ ಗುರುತಿನೊಂದಿಗೆ ‘ಆರ್‌ಎಸ್‌ಎಸ್ ಫೀಡ್ಸ್’ ಫೋಲ್ಡರ್‌ಗೆ. ಆ ಫೋಲ್ಡರನ್ನು ನಿಮ್ಮಲ್ಲಿ ಯಾರಾದರೂ ಎಂದಾದರೂ ತೆರೆದಿದ್ದಾರಾ? ಅದಕ್ಕೇ ಅದನ್ನು ಆರಿಸುತ್ತಾರೆ. ರೂಲ್ ಕೆಲಸ ಮಾಡುವುದು ಸರ್ವರ್‌ನಲ್ಲಿ. ಪಾಸ್‌ವರ್ಡ್ ಹತ್ತು ಸಲ ಬದಲಾದರೂ ಅದು ನಿಲ್ಲುವುದಿಲ್ಲ. ಮೇಲ್‌ಬಾಕ್ಸ್‌ನ ‘ಫಾರ್ವರ್ಡಿಂಗ್’ ಬೇರೆಯೇ ಪುಟ, ಅದನ್ನೂ ನೋಡಿ. ಪರದೆಯಲ್ಲಿ ಕಾಣದಂತೆ ಅಡಗಿಸಿದ ರೂಲ್‌ಗಳೂ ಇರುತ್ತವೆ. ಆದೇಶ ಟೈಪ್ ಮಾಡಿ ಕೆಲಸ ಮಾಡಿಸುವ ಪವರ್‌ಶೆಲ್‌ನಲ್ಲಿ ‘ಗೆಟ್-ಇನ್‌ಬಾಕ್ಸ್‌ರೂಲ್’ ಆದೇಶಕ್ಕೆ ‘ಇನ್‌ಕ್ಲೂಡ್‌ಹಿಡನ್’ ಸೇರಿಸಿದರೆ ಅವೂ ಬರುತ್ತವೆ.

ರೂಲ್ ಅಳಿಸುವ ಮುನ್ನ ಸಾಕ್ಷ್ಯ ಇಳಿಸಿಕೊಳ್ಳಿ. ಎಷ್ಟೋ ಕಡೆ ಗಾಬರಿಯಲ್ಲಿ ಎಲ್ಲ ಒರೆಸಿ, ಆಮೇಲೆ ಪೊಲೀಸರಿಗೆ ಕೊಡಲು ಏನೂ ಉಳಿದಿರುವುದಿಲ್ಲ. ನಿಮ್ಮ ಪ್ಲಾನ್‌ನಲ್ಲಿ ಎಂಟ್ರಾದ ಸೈನ್-ಇನ್ ಲಾಗ್ ಸಿಗುವುದು 7 ದಿನದ್ದು ಮಾತ್ರ, ಹಾಗಾಗಿ ಅದನ್ನು ಇವತ್ತೇ ತೆಗೆದಿಡಿ. ಮೇಲ್‌ಬಾಕ್ಸ್‌ನಲ್ಲಿ ಆದ ಬದಲಾವಣೆಗಳನ್ನು ದಾಖಲಿಸುವ ಮೈಕ್ರೋಸಾಫ್ಟ್‌ನ ಪರ್ವ್ಯೂ ಆಡಿಟ್ ಲಾಗ್ 180 ದಿನ ಇರುತ್ತದೆ. ಅಲ್ಲಿ ‘ನ್ಯೂ-ಇನ್‌ಬಾಕ್ಸ್‌ರೂಲ್’, ‘ಸೆಟ್-ಇನ್‌ಬಾಕ್ಸ್‌ರೂಲ್’, ‘ಅಪ್‌ಡೇಟ್‌ಇನ್‌ಬಾಕ್ಸ್‌ರೂಲ್ಸ್’ ಹುಡುಕಿ ಫಲಿತಾಂಶವನ್ನು ಸಿಎಸ್‌ವಿ (ಎಕ್ಸೆಲ್‌ನಲ್ಲಿ ತೆರೆಯುವ ಪಟ್ಟಿ) ಮಾಡಿಕೊಳ್ಳಿ. ರೂಲ್‌ನ ಪೂರ್ತಿ ವಿವರ, ಐಪಿ ವಿಳಾಸ ಎಲ್ಲ ಸಿಗುವುದು ‘ಆಡಿಟ್‌ಡೇಟಾ’ ಕಾಲಂನಲ್ಲಿ. ಒಂದು ಎಚ್ಚರಿಕೆ: ಪರ್ವ್ಯೂ ಸಮಯ ಯುಟಿಸಿ ಎಂಬ ಜಾಗತಿಕ ಕಾಲಮಾನದಲ್ಲಿರುತ್ತದೆ. 05:10 ಎಂದು ಕಂಡರೆ ಬೆಳಗಿನ ಜಾವ ಅಂದುಕೊಳ್ಳಬೇಡಿ. ಐದೂವರೆ ಗಂಟೆ ಕೂಡಿಸಿದರೆ ನಮ್ಮ 10:40, ಅಂದರೆ ಅಕೌಂಟ್ಸ್‌ನವರು ಎದುರಿಗೇ ಕೂತು ಕೆಲಸ ಮಾಡುತ್ತಿದ್ದ ಹೊತ್ತು.

ಉಳಿದಿರುವ ಇನ್ನೊಂದು ಕಳ್ಳದಾರಿ ಆ್ಯಪ್ ಅನುಮತಿ. ಎಂಟ್ರಾದ ‘ಎಂಟರ್‌ಪ್ರೈಸ್ ಅಪ್ಲಿಕೇಶನ್ಸ್’ನಲ್ಲಿ ಮೇಲ್ ಓದುವ ಅನುಮತಿ ಪಡೆದ ಗುರುತಿಲ್ಲದ ಆ್ಯಪ್ ಇದ್ದರೆ ತೆಗೆದುಹಾಕಿ. ಇನ್ನುಮುಂದೆ ಇಂಥ ಅನುಮತಿಯನ್ನು ಅಡ್ಮಿನ್ ಮಾತ್ರ ಕೊಡುವಂತೆ ಸೆಟ್ಟಿಂಗ್ ಬಿಗಿ ಮಾಡಿ.

ಎಲ್ಲರಿಗೂ ಎರಡು ಹಂತದ ಲಾಗಿನ್ ತರುವ ಎಂಟ್ರಾದ ‘ಸೆಕ್ಯೂರಿಟಿ ಡೀಫಾಲ್ಟ್ಸ್’ ಆನ್ ಇದೆಯೇ ನೋಡಿ, ಅದು ಉಚಿತ. ಆದರೆ ಫೋನಿನಲ್ಲಿ ಎರಡಂಕಿ ಒತ್ತುವ ಅಥೆಂಟಿಕೇಟರ್ ಕೂಡ ನಕಲಿ ಲಾಗಿನ್ ಪುಟದ ಮುಂದೆ ಸೋಲುತ್ತದೆ. ಅಕೌಂಟ್ಸ್‌ನವರಿಗೆ ಮತ್ತು ಅಡ್ಮಿನ್‌ಗಳಿಗಾದರೂ ಫಿಡೋ ಕೀ (ಲಾಗಿನ್‌ಗೆ ಬಳಸುವ ಪುಟ್ಟ ಭದ್ರತಾ ಸಾಧನ) ಕೊಡಿಸಿ. ನಿಜವಾದ ವಿಳಾಸವಲ್ಲದ ಪುಟಕ್ಕೆ ಅದು ಜಪ್ಪಯ್ಯ ಅಂದರೂ ಉತ್ತರ ಕೊಡುವುದಿಲ್ಲ.

ಇಷ್ಟೆಲ್ಲ ನೋಡಿಯೂ ಏನೂ ಸಿಗದಿದ್ದರೆ ಗ್ರಾಹಕರಿಗೆ ಬಂದ ಮೂಲ ಮೇಲ್‌ನ ಹೆಡರ್ (ಅದು ಎಲ್ಲಿಂದ ಬಂತೆಂಬ ವಿವರ) ತರಿಸಿಕೊಳ್ಳಿ. ವಿಳಾಸದಲ್ಲಿ ‘ಎಂ’ ಇರಬೇಕಾದ ಕಡೆ ಇಂಗ್ಲಿಷಿನ ‘ಆರ್’, ‘ಎನ್’ ಅಂಟಿಸಿದ ಡೊಮೇನ್ ಆಗಿದ್ದರೆ, ತೂತು ಅವರ ಮೇಲ್‌ಬಾಕ್ಸ್‌ನಲ್ಲೂ ಇರಬಹುದು.

ಪ್ರಶ್ನೆ: ಮಲ್ಲೇಶ್ವರದ ನಮ್ಮ ಲೆಕ್ಕಪರಿಶೋಧಕರ ಕಚೇರಿಯಲ್ಲಿ ಗೂಗಲ್ ವರ್ಕ್‌ಸ್ಪೇಸ್ ಬಿಸಿನೆಸ್ ಸ್ಟ್ಯಾಂಡರ್ಡ್ ಇದೆ. ಕೆಲಸ ಬಿಟ್ಟವರ ಖಾತೆ ಡಿಲೀಟ್ ಮಾಡಿದರೆ ಸಾಕೇ?

ಉತ್ತರ: ಡಿಲೀಟ್ ಬೇಡ, ಮೊದಲು ‘ಸಸ್ಪೆಂಡ್’ ಮಾಡಿ. ಡಿಲೀಟ್ ಆದ ಖಾತೆಯನ್ನು ಮರಳಿ ತರಲು 20 ದಿನ ಮಾತ್ರ ಅವಕಾಶ. ಫೈಲ್‌ಗಳ ಒಡೆತನ ಬೇರೆಯವರಿಗೆ ವರ್ಗಾಯಿಸಿದ ಮೇಲೆ ಡಿಲೀಟ್ ಮಾಡಬಹುದು.

‘ಲಿಂಕ್ ಇರುವ ಯಾರಾದರೂ’ ಎಂದು ಅವರು ತೆರೆದಿಟ್ಟ ಕ್ಲೈಂಟ್‌ಗಳ ಪ್ಯಾನ್, ಫಾರ್ಮ್ 16 ಸಸ್ಪೆಂಡ್ ಆದ ಮೇಲೂ ತೆರೆದೇ ಇರುತ್ತವೆ. ಫೈಲ್‌ಗಳ ಚಟುವಟಿಕೆಯ ದಾಖಲೆಯಾದ ಡ್ರೈವ್ ಲಾಗ್ ಇವೆಂಟ್ಸ್‌ನಲ್ಲಿ ಹುಡುಕಬಹುದು, ಆದರೆ ಅದರಲ್ಲಿರುವುದು 6 ತಿಂಗಳ ಚಟುವಟಿಕೆ ಮಾತ್ರ. ಎರಡು ವರ್ಷದ ಹಿಂದೆ ಹಂಚಿ, ಆಮೇಲೆ ಯಾರೂ ಮುಟ್ಟದ ಫೈಲ್ ಅಲ್ಲಿ ಬರುವುದೇ ಇಲ್ಲ. ಹಾಗಾಗಿ ಕ್ಲೈಂಟ್ ಫೈಲ್‌ಗಳನ್ನು ಶೇರ್ಡ್ ಡ್ರೈವ್‌ಗೆ ಸಾಗಿಸಿ, ಆ ಡ್ರೈವ್‌ನ ಸೆಟ್ಟಿಂಗ್‌ನಲ್ಲಿ ಸಂಸ್ಥೆಯ ಹೊರಗಿನವರಿಗೆ ಪ್ರವೇಶ ಬಂದ್ ಮಾಡಿ. ಅಲ್ಲಿ ಫೈಲ್‌ನ ಒಡೆಯ ಕಚೇರಿಯೇ. ಯಾರು ಬಿಟ್ಟುಹೋದರೂ ಫೈಲ್ ಅಲ್ಲೇ ಇರುತ್ತದೆ.