ಗ್ರೂಪಲ್ಲಿ ಎಲ್ಲಾ ಅರ್ಥ ಆಗತ್ತೆ, ಒಬ್ಳೇ ಕೂತ್ರೆ ಏನೂ ಬರಲ್ಲ

ಹೀಗಂತ ಹೇಳ್ಕೊಂಡು ಬರೋ ಗಣಿತ ವಿದ್ಯಾರ್ಥಿಗಳನ್ನ ಪದೇ ಪದೇ ನೋಡ್ತಿದೀನಿ, ಅದಕ್ಕೇ ಬರೀತಿರೋದು. ಗುರುತು ಸಿಗದ ಹಾಗೆ ವಿವರ ಬದಲಾಯ್ಸಿದೀನಿ.

ಎಂಎಸ್ಸಿ ಹುಡುಗಿ. ನಾಲ್ಕೈದು ಜನ ದಿನಾ ಬೋರ್ಡ್ ಮುಂದೆ ಸೇರಿ ರಿಯಲ್ ಅನಾಲಿಸಿಸ್ (ಕ್ಯಾಲ್ಕುಲಸ್ ಹಿಂದಿರೋ ತರ್ಕಾನ ಪ್ರೂಫ್ ಸಮೇತ ಕಲಿಯೋ ವಿಷಯ) ಓದ್ತಾರೆ, ಆದ್ರೂ ಪರೀಕ್ಷೇಲಿ ಪ್ರೂಫ್ ಅರ್ಧಕ್ಕೇ ನಿಂತೋಗತ್ತೆ. ತನ್ನ ತಲೆಗೆ ಗಣಿತ ಹತ್ತಲ್ಲ ಅಂತ ಕೋರ್ಸೇ ಬಿಡೋ ಯೋಚ್ನೇಲಿದ್ಲು.

ಗ್ರೂಪಲ್ಲಿ ಚೆನ್ನಾಗಿ ಅರ್ಥ ಆದ ಒಂದು ಪ್ರೂಫ್ ನಂಗೆ ಹೇಳು ಅಂದೆ. ಕ್ಲೋಸ್ಡ್ ಬೌಂಡೆಡ್ ಇಂಟರ್ವಲ್ (ಎರಡೂ ತುದಿ ಸೇರಿದ, ಮಿತಿಯಿರೋ ಸಂಖ್ಯೆಗಳ ಸಾಲು) ಮೇಲೆ ಕಂಟಿನ್ಯುಯಸ್, ಅಂದ್ರೆ ಎಲ್ಲೂ ಜಿಗಿಯದೇ ಇರೋ ಫಂಕ್ಷನ್ ಯೂನಿಫಾರ್ಮ್ಲಿ ಕಂಟಿನ್ಯುಯಸ್, ಅಂದ್ರೆ ಎಲ್ಲಾ ಬಿಂದುಗೂ ಒಂದೇ ಡೆಲ್ಟಾ ಸಾಕು ಅನ್ನೋದು. ಡೆಲ್ಟಾ ಅಂದ್ರೆ ಫಂಕ್ಷನ್ ಬೆಲೆ ಜಾಸ್ತಿ ಬದಲಾಗದ ಹಾಗೆ ಬಿಂದುವಿಂದ ಎಷ್ಟು ದೂರ ಸರೀಬಹುದು ಅನ್ನೋ ಅಳತೆ. ಒಂದೊಂದು ಬಿಂದುಗೂ ಒಂದೊಂದು ಡೆಲ್ಟಾ ಸಿಗತ್ತೆ, ಇಂಟರ್ವಲ್ ಕಾಂಪ್ಯಾಕ್ಟ್ (ಇಲ್ಲಿ ಕ್ಲೋಸ್ಡ್, ಬೌಂಡೆಡ್ ಅಂತಲೇ ಅರ್ಥ) ಆಗಿರೋದ್ರಿಂದ ಫೈನೈಟ್, ಅಂದ್ರೆ ಎಣಿಸಿ ಮುಗಿಸೋಷ್ಟು ಬಿಂದು ಇಟ್ಕೊಂಡ್ರೆ ಸಾಕು, ಅವುಗಳ ಡೆಲ್ಟಾದಲ್ಲಿ ಚಿಕ್ಕದನ್ನ ತಗೋಬೇಕು ಅಂತ ಪಟಪಟ ಹೇಳಿದ್ಲು. ನಾನು ಗಣಿತದೋಳಲ್ಲ, ನಿಜವಾಗ್ಲೂ ತಿಳೀದೆ ಕೇಳ್ದೆ, ಎಲ್ಲಾ ಡೆಲ್ಟಾನೂ ಇಟ್ಕೊಂಡೇ ಚಿಕ್ಕದನ್ನ ಆರಿಸ್ಬಾರ್ದಾ? ಸುಮ್ನಾಗ್ಬಿಟ್ಲು. ಆಮೇಲೆ, "ಈ ಜಾಗದಲ್ಲಿ ನಾವೆಲ್ಲಾ ತಲೆ ಆಡಿಸ್ತೀವಿ ಮೇಡಂ, ಹೇಳೋದು ಅವ್ನು" ಅಂದ್ಲು. ಅವ್ನು ಅಂದ್ರೆ ಗ್ರೂಪಿನ ಜಾಣ.

ಪೇಪರ್ ಕೊಟ್ಟು ನಾನು ಬಾಯಿ ಮುಚ್ಕೊಂಡು ಕೂತೆ. ಒಂದಷ್ಟು ಹೊತ್ತಾದ್ಮೇಲೆ ತಲೆ ಎತ್ತಿ, 1, 1/2, 1/3 ಹೀಗೇ ಹೋದ್ರೆ ಅದ್ರಲ್ಲಿ ಎಲ್ಲಕ್ಕಿಂತ ಚಿಕ್ಕದು ಅಂತ ಇರೋದೇ ಇಲ್ಲ, ಸೊನ್ನೆ ಹತ್ರ ಹೋಗ್ತಾನೇ ಇರತ್ತೆ, ಅದಕ್ಕೇ ಫೈನೈಟ್ ಬೇಕು ಅಂತ ತಾನೇ ಹೇಳಿದ್ಲು. ತಲೆಗೆ ಗಣಿತ ಹತ್ತದವರು ಹೀಗೆ ಹೇಳ್ತಾರಾ?

ಗ್ರೂಪ್ ಬಿಟ್ಬಿಡು ಅಂತ ಮನೇಲೂ ಹೇಳಿದ್ರಂತೆ. ನಾನು ಹೇಳ್ಲಿಲ್ಲ, ಇದಕ್ಕೆ ಕೆಲವರು ನನ್ನ ಬೈಯಬಹುದು. 1970ರ ದಶಕದಲ್ಲಿ ಅಮೆರಿಕದ ಬರ್ಕ್ಲಿ ಯೂನಿವರ್ಸಿಟೀಲಿ ಯೂರಿ ಟ್ರೈಸ್ಮನ್ ಅನ್ನೋರು ಕ್ಯಾಲ್ಕುಲಸ್ ವಿದ್ಯಾರ್ಥಿಗಳು ಹೇಗೆ ಓದ್ತಾರೆ ಅಂತ ಹತ್ರದಿಂದ ನೋಡಿದ್ರು. ಎಡವ್ತಿದ್ದ ಕಪ್ಪು ವಿದ್ಯಾರ್ಥಿಗಳಲ್ಲಿ ಹೆಚ್ಚಿನೋರು ಕಷ್ಟಪಟ್ಟೇ ಓದ್ತಿದ್ರು, ಆದ್ರೆ ಒಂಟಿಯಾಗಿ. ಚೆನ್ನಾಗಿ ಮಾಡ್ತಿದ್ದ ಚೀನೀ ಮೂಲದವರು ಮೊದ್ಲು ಒಬ್ಬೊಬ್ರೇ ಲೆಕ್ಕ ಮಾಡಿ ಆಮೇಲೆ ಸೇರಿ ಒಬ್ಬರದನ್ನ ಒಬ್ಬರು ತಿದ್ತಿದ್ರು. ಒಂಟಿತನ ಗಣಿತ ಓದೋರನ್ನ ತುಂಬಾ ಬೇಗ ಮುರಿಯತ್ತೆ ಅಂತ ನಾನು ಗಟ್ಟಿಯಾಗಿ ನಂಬ್ತೀನಿ.

ಹಾಗಾಗಿ ಅವಳಿಗೆ ಹೇಳಿದ್ದು ಇಷ್ಟೇ, ಸೇರೋಕೆ ಮುಂಚೆ ಒಬ್ಳೇ ಕೂತು ಎಲ್ಲಿ ನಿಲ್ತೀನಿ ಅನ್ನೋ ಸಾಲಿಗೆ ಗುರುತು ಹಾಕ್ಕೊಂಡು ಹೋಗು, ಸೇರ್ದಾಗ ಯಾರಿಗೆ ಬರಲ್ವೋ ಅವರ ಕೈಲಿ ಚಾಕ್ ಇರ್ಲಿ, ಬರೋರು ಪ್ರಶ್ನೆ ಮಾತ್ರ ಕೇಳ್ಲಿ, ಮಾರನೇ ದಿನ ನೋಟ್ಸ್ ಮುಚ್ಚಿಟ್ಟು ಪೂರ್ತಿ ಬರಿ.

ಅವ್ನು ಒಪ್ಪದೇ ಇದ್ರೆ? ಅಂದ್ಲು. ನಿನ್ ಥರಾನೇ ತಲೆ ಆಡಿಸೋ ಇನ್ನೊಬ್ರು ಅಲ್ಲಿ ಖಂಡಿತ ಇರ್ತಾರೆ, ಅವರ ಜೊತೆ ಇಬ್ರೇ ಶುರು ಮಾಡಿ ಅಂದಿದೀನಿ.