ಡಿಜಿಟಲ್ ಕೌಂಟರ್ ಬರುವ ಮೊದಲು ಫ್ರೀಕ್ವೆನ್ಸಿ ಹೇಗೆ ಅಳೆಯುತ್ತಿದ್ದರು? ಈಗಿನ ಅಗ್ಗದ ಕೌಂಟರನ್ನು ನಂಬಬಹುದಾ?

ಗೋಣಿಕೊಪ್ಪದಲ್ಲಿ ಯುಪಿಎಸ್, ರೇಡಿಯೊ ರಿಪೇರಿ ಮಾಡುವವನು ನಾನು. ಫ್ರೀಕ್ವೆನ್ಸಿ ಅಂದರೆ ಸೆಕೆಂಡಿಗೆ ಎಷ್ಟು ಅಲೆ ಅನ್ನುವ ಲೆಕ್ಕ. ಸೆಕೆಂಡಿಗೆ ಒಂದು ಅಲೆ ಅಂದರೆ ಒಂದು ಹರ್ಟ್ಸ್, ಹತ್ತು ಲಕ್ಷ ಅಂದರೆ ಒಂದು ಮೆಗಾಹರ್ಟ್ಸ್. ಕೈಯಲ್ಲಿ ಹಿಡಿದು ನೋಡಿದ್ದರಿಂದಲೇ ಶುರು ಮಾಡುತ್ತೇನೆ.

ಕಕ್ಕಡ ತಿಂಗಳ ಜೋರು ಮಳೆಯಲ್ಲಿ ನಮ್ಮ ಕಡೆ ಕರೆಂಟ್ ಹೋದರೆ ಎರಡು ಮೂರು ದಿನ ಬಾರದೇ ಇರುವುದೂ ಉಂಟು. ತೋಟದ ಮನೆಗಳಿಗೆ ಆಗ ಡೀಸೆಲ್ ಜನರೇಟರೇ ಗತಿ. ಒಮ್ಮೆ ಒಂದು ತೋಟದಿಂದ ಫೋನ್ ಬಂತು. ಜನರೇಟರ್ ಓಡುತ್ತಿದೆ, ಬಲ್ಬ್ ಉರಿಯುತ್ತಿದೆ, ಯುಪಿಎಸ್ ಮಾತ್ರ ಬ್ಯಾಟರಿ ಬಿಟ್ಟು ಬರುತ್ತಿಲ್ಲ. ಹೋಗಿ ನೋಡಿದರೆ ವೋಲ್ಟೇಜ್ ಸರಿಯಾಗೇ 230 ಇತ್ತು. ಪ್ಯಾನೆಲ್‌ನಲ್ಲಿ ಹಳೆಯ ರೀಡ್ ಮೀಟರ್ ಒಂದಿತ್ತು. ಅದರೊಳಗೆ ಸಾಲಾಗಿ ತೆಳು ಉಕ್ಕಿನ ಪಟ್ಟಿಗಳು, ಹಿಂದೆ ಒಂದು ಕಾಯಿಲ್. ಒಂದೊಂದು ಪಟ್ಟಿಯೂ ತನ್ನ ಫ್ರೀಕ್ವೆನ್ಸಿ ಬಂದಾಗ ಮಾತ್ರ ಜೋರಾಗಿ ಅದುರುತ್ತದೆ. ಅವತ್ತು ಅದುರುತ್ತಿದ್ದದ್ದು 53ರ ಪಟ್ಟಿ. ನಾಲ್ಕು ಪೋಲ್‌ನ ಜನರೇಟರ್ ನಿಮಿಷಕ್ಕೆ 1,500 ಸುತ್ತು ತಿರುಗಿದರೆ 50 ಹರ್ಟ್ಸ್. ಇದು 1,590 ತಿರುಗುತ್ತಿತ್ತು ಅಂತಾಯಿತು. ಫ್ರೀಕ್ವೆನ್ಸಿ 50ರಿಂದ ದೂರ ಹೋಗಿದ್ದಕ್ಕೇ ಯುಪಿಎಸ್ ಅದನ್ನು ಒಪ್ಪುತ್ತಿರಲಿಲ್ಲ. ಲೋಡ್ ಹಾಕಿಕೊಂಡೇ ಗವರ್ನರ್, ಅಂದರೆ ಎಂಜಿನ್ ವೇಗ ಹಿಡಿದಿಡುವ ಭಾಗ, ತಿದ್ದಿದೆವು, ಯುಪಿಎಸ್ ಸುಮ್ಮನಾಯಿತು. ಟ್ರಾನ್ಸಿಸ್ಟರ್ ಒಂದೂ ಇಲ್ಲದ ಆ ಮೀಟರ್ ಮೇಲೆ ನನಗೆ ಇವತ್ತಿಗೂ ತುಂಬಾ ಗೌರವ.

ರೇಡಿಯೊ ಸಿಗ್ನಲ್ ವೇಗಕ್ಕೆ ಉಕ್ಕಿನ ಪಟ್ಟಿ ಅದುರಲಾರದು. ಅಲ್ಲಿ ಉದ್ದವನ್ನೇ ಅಳೆದರು. ಆಸ್ಟ್ರಿಯಾದ ಅರ್ನ್ಸ್ಟ್ ಲೆಖರ್ 1890ರ ಹೊತ್ತಿಗೆ ಎರಡು ತಂತಿಗಳನ್ನು ಪಕ್ಕಪಕ್ಕ ಎಳೆದು, ಅವುಗಳ ಮೇಲೆ ಅಲೆ ನಿಲ್ಲುವ ಜಾಗಗಳನ್ನು ಗುರುತಿಸಿದರು. ಎರಡು ಗುರುತುಗಳ ನಡುವಿನ ದೂರ ಅರ್ಧ ಅಲೆ. ನಮ್ಮ ಮಡಿಕೇರಿ ಆಕಾಶವಾಣಿಯ 103.1 ಮೆಗಾಹರ್ಟ್ಸ್‌ಗೆ ಅದು ಸುಮಾರು 1.45 ಮೀಟರ್ ಆಗುತ್ತದೆ. ಟೇಪ್ ಹಿಡಿದು ಫ್ರೀಕ್ವೆನ್ಸಿ ಅಳೆದ ಹಾಗೇ ಅಲ್ವಾ!

ಇನ್ನೊಂದು ದಾರಿ ಕಿವಿಯದು. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯ ಬಳಸಿದ ಬಿ.ಸಿ.-221 ಎಂಬ ಪೆಟ್ಟಿಗೆಯಲ್ಲಿ, ಬಂದ ಸಿಗ್ನಲ್ಲಿನ ಜೊತೆ ಪೆಟ್ಟಿಗೆಯದೇ ಸಿಗ್ನಲ್ ಬೆರೆಸುತ್ತಿದ್ದರು. ಹೆಡ್‌ಫೋನಿನಲ್ಲಿ ಶಿಳ್ಳೆ ಕೇಳುತ್ತದೆ. ಡಯಲ್ ತಿರುಗಿಸುತ್ತಾ ಹೋದರೆ ಶಿಳ್ಳೆ ತಗ್ಗುತ್ತಾ ಬಂದು ನಿಲ್ಲುತ್ತದೆ. ನಿಂತಲ್ಲಿ ಎರಡೂ ಒಂದೇ. ತಂತಿ ವಾದ್ಯ ಶ್ರುತಿ ಮಾಡುವವರಿಗೆ ಇದು ಥಟ್ಟನೆ ಅರ್ಥವಾಗುತ್ತದೆ. ಪೆಟ್ಟಿಗೆಯೊಳಗಿನ, ಒಂದೇ ವೇಗದಲ್ಲಿ ಮಿಡಿಯುವ ಕ್ವಾರ್ಟ್ಜ್ ಹರಳಿನಿಂದ ಡಯಲ್ಲನ್ನು ಪರೀಕ್ಷಿಸುತ್ತಿದ್ದರು. ಒಂದೊಂದು ಪೆಟ್ಟಿಗೆಗೂ ಅದರದೇ ಲೆಕ್ಕದ ಪುಸ್ತಕ ಇರುತ್ತಿತ್ತು. ಪುಸ್ತಕ ಕಳೆದುಹೋದರೆ ಪೆಟ್ಟಿಗೆ ಇದ್ದೂ ಇಲ್ಲದ ಹಾಗೆ.

1950ರ ದಶಕದ ಆರಂಭದಲ್ಲಿ ಹ್ಯೂಲೆಟ್ ಪ್ಯಾಕರ್ಡ್‌ನ 524ಎ ಎಂಬ ಡಿಜಿಟಲ್ ಕೌಂಟರ್ ಬಂತು. ಟ್ರಾನ್ಸಿಸ್ಟರಿಗೆ ಮೊದಲಿನ ಗಾಜಿನ ವಾಲ್ವುಗಳ ಮೆಷಿನ್ನು, ಆದರೂ ಸೆಕೆಂಡಿಗೆ 1 ಕೋಟಿ ಅಲೆಗಳವರೆಗೆ ಎಣಿಸುತ್ತಿತ್ತು. ಹರಳಿನ ಲೆಕ್ಕದಲ್ಲಿ ಒಂದು ಸೆಕೆಂಡ್ ಬಾಗಿಲು ತೆರೆದು, ಒಳಗೆ ಬಂದ ಅಲೆಗಳನ್ನು ಎಣಿಸಿ, ಬಾಗಿಲು ಮುಚ್ಚುವುದು. ಈಗಿನ ಅಗ್ಗದ ಕೌಂಟರೂ ಮಾಡುವುದು ಇದನ್ನೇ.

ನಂಬಬಹುದಾ ಅಂದರೆ, ಅದರ ಹರಳಿನಷ್ಟೇ ನಂಬಬಹುದು. ಹರಳು ಹತ್ತು ಲಕ್ಷಕ್ಕೆ 10ರಷ್ಟು ತಪ್ಪಿದರೆ 103.1 ಮೆಗಾಹರ್ಟ್ಸ್‌ನಲ್ಲಿ ಸುಮಾರು 1,000 ಹರ್ಟ್ಸ್ ವ್ಯತ್ಯಾಸ. ಜನರೇಟರಿನ 50ರಲ್ಲಿ ಅದು ಲೆಕ್ಕಕ್ಕೇ ಬರುವುದಿಲ್ಲ. ಅಲ್ಲಿ ತೊಂದರೆ ಬೇರೆ. ಎಣಿಕೆಯಲ್ಲಿ ಒಂದು ಅಲೆ ಹೆಚ್ಚು ಕಡಿಮೆಯಾಗುವುದು ಸಹಜ, ಹಾಗಾಗಿ ಒಂದು ಸೆಕೆಂಡ್ ಎಣಿಸಿದರೆ 49 ಅನ್ನಬಹುದು, 51 ಅನ್ನಬಹುದು. ಅದಕ್ಕೇ ಒಂದು ಅಲೆಗೆ ಹಿಡಿಯುವ ಸಮಯ ಅಳೆಯುವ ಕೌಂಟರ್ ತೆಗೆದುಕೊಳ್ಳಿ. 50 ಹರ್ಟ್ಸ್‌ನ ಒಂದು ಅಲೆಗೆ 20 ಮಿಲಿಸೆಕೆಂಡ್. ಅಷ್ಟರಲ್ಲಿ 10 ಮೆಗಾಹರ್ಟ್ಸ್ ಹರಳು 2 ಲಕ್ಷ ಸಲ ಮಿಡಿಯುತ್ತದೆ. ಎಷ್ಟು ಸಣ್ಣ ವ್ಯತ್ಯಾಸವೂ ಸಿಗುತ್ತದೆ ನೋಡಿ.

ಮಳೆಗಾಲದ ಚಳಿ ಬೆಳಿಗ್ಗೆ ರೇಡಿಯೊ ಕೆಲಸಕ್ಕೆ ಬಳಸುವುದಾದರೆ ಅರ್ಧ ಗಂಟೆ ಮೊದಲೇ ಆನ್ ಮಾಡಿಡಿ, ಹರಳು ಬಿಸಿಯಾಗಿ ಒಂದು ಹದಕ್ಕೆ ಬರಬೇಕು. ಜನರೇಟರಿನ 230 ವೋಲ್ಟನ್ನು ಮಾತ್ರ ಕೌಂಟರಿಗೆ ನೇರ ಕೊಡಲೇಬೇಡಿ. ನಡುವೆ 6 ವೋಲ್ಟ್‌ನ ಸಣ್ಣ ಟ್ರಾನ್ಸ್‌ಫಾರ್ಮರ್ ಹಾಕಿ. ವೈರಿಂಗ್ ಕೆಲಸ ಗೊತ್ತಿಲ್ಲದಿದ್ದರೆ ಎಲೆಕ್ಟ್ರಿಷಿಯನ್ನನ್ನೇ ಕರೆಯಿರಿ.